ಗಾಜಿನೊಳಗಿನ ಮೀನಿಗೊಂದು ಫೋಟೋ

ನಿಮ್ಮ ಮನೆಯ ಹಾಲ್‌ನಲ್ಲಿ ಅಕ್ವೇರಿಯಂ ಇದೆಯೇ? ಹಾಗಿದ್ದರೆ ಮೊಬೈಲಿನಲ್ಲಿ ಅದರ ಹತ್ತಿಪ್ಪತ್ತು ಫೋಟೋಗಳೂ ಇರಬೇಕು. ಒಮ್ಮೆ ತೆರೆದು ನೋಡಿ. ಮೀನು ಬರೀ ಕೆಂಪು ಗೆರೆಯಂತೆ ಕಾಣುತ್ತದೆ. ನಡುವೆ ಫ್ಲ್ಯಾಶಿನ ಬಿಳಿ ಗುಂಡು, ಪಕ್ಕದಲ್ಲಿ ಟ್ಯೂಬ್‌ಲೈಟ್, ಸೋಫಾದ ಮೇಲೆ ಮಡಚಲು ಹಾಕಿದ ಬಟ್ಟೆ. ಇನ್ನೂ ಸ್ವಲ್ಪ ದಿಟ್ಟಿಸಿದರೆ ಮನೆಯುಡುಪಿನಲ್ಲಿ, ತಲೆಗೆ ಶಾಲಿಲ್ಲದೆ, ಮೊಬೈಲ್ ಹಿಡಿದು ನಿಂತ ನೀವೂ ಕಾಣುತ್ತೀರಿ. ಅದನ್ನೇ ಕುಟುಂಬದ ವಾಟ್ಸ್‌ಆಪ್ ಗ್ರೂಪಿಗೆ ಕಳಿಸಿಯೂ ಆಗಿರುತ್ತದೆ!

ಕಾರಣ ಸರಳ. ತೊಟ್ಟಿಯ ಒಳಗಿಗಿಂತ ನೀವು ನಿಂತಿರುವ ಕಡೆ ಬೆಳಕು ಹೆಚ್ಚಿದ್ದರೆ ಗಾಜು ಕನ್ನಡಿಯಾಗುತ್ತದೆ. ಆದ್ದರಿಂದ ಮಗ್ರಿಬ್ ಕಳೆದ ಮೇಲೆ ಹಾಲ್‌ನ ದೀಪ, ಟಿ.ವಿ. ಎಲ್ಲ ಆರಿಸಿ, ತೊಟ್ಟಿಯ ದೀಪವನ್ನು ಮಾತ್ರ ಉಳಿಸಿಕೊಳ್ಳಿ. ಹಗಲಾದರೆ ಕಿಟಕಿಯ ಪರದೆ ಎಳೆಯಿರಿ. ಬೆನ್ನ ಹಿಂದೆ ಕಪ್ಪು ಬಟ್ಟೆ ಹಿಡಿಯುವುದು, ಕಪ್ಪು ಉಡುಪು ಧರಿಸುವುದು ಫೋಟೋಗ್ರಾಫರುಗಳ ಹಳೆಯ ಉಪಾಯ. ಅದಕ್ಕಾಗಿ ನಾವು ಬಟ್ಟೆ ಕೊಳ್ಳಬೇಕಾಗಿಲ್ಲ. ಬಾಗಿಲ ಹಿಂದೆ ತೂಗುವ ಬುರ್ಖಾ ಸಾಕು.

ಮೊಬೈಲನ್ನು ಗಾಜಿನ ಹತ್ತಿರಕ್ಕೆ ತಂದು ನೇರವಾಗಿ ಹಿಡಿಯಿರಿ. ಓರೆಯಾಗಿ ಹಿಡಿದರೆ ಗಾಜು ಮತ್ತು ನೀರಿನಲ್ಲಿ ಬೆಳಕು ಬಾಗಿ ಚಿತ್ರ ಮಸುಕಾಗುತ್ತದೆ. ಗಾಜು ದಪ್ಪವಾದಷ್ಟೂ ಈ ತೊಂದರೆ ಹೆಚ್ಚು. ಮನೆಯವರು ಗಲ್ಫ್‌ನಲ್ಲಿದ್ದು ನೀವೂ ಹೋಗಿ ಬಂದವರಾದರೆ, 2008ರಲ್ಲಿ ತೆರೆದ ದುಬೈ ಮಾಲ್‌ನ ಅಕ್ವೇರಿಯಂ ನೋಡಿರಬಹುದು. ಒಂದು ಕೋಟಿ ಲೀಟರ್ ನೀರಿನ ಭಾರ ತಡೆಯಲು ಅದರ ಮುಂಭಾಗಕ್ಕೆ ಸುಮಾರು 75 ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಹಾಕಿದ್ದಾರೆ. ಅಲ್ಲಿ ಬದಿಯಲ್ಲಿ ನಿಂತು ತೆಗೆದ ಫೋಟೋ ಚೆನ್ನಾಗಿ ಬರದಿದ್ದರೆ ಮೊಬೈಲನ್ನು ದೂಷಿಸಬೇಡಿ.

ಗಾಜನ್ನು ಹೊರಗಿನಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕನ್ನಡಿ ಒರೆಸುವ ಸ್ಪ್ರೇ ಬೇಡ. ಅವುಗಳಲ್ಲಿ ಕೆಲವಕ್ಕೆ ಅಮೋನಿಯಾ ಸೇರಿಸಿರುತ್ತಾರೆ, ಅದು ನೀರಿಗೆ ಬಿದ್ದರೆ ಮೀನಿಗೆ ವಿಷ. ಒಳಗಿನ ಪಾಚಿಯನ್ನು ಹಿಂದಿನ ದಿನವೇ ಉಜ್ಜಿದರೆ ಎದ್ದ ಕಣಗಳು ಅಷ್ಟರಲ್ಲಿ ಕೆಳಗಿಳಿದಿರುತ್ತವೆ. ಮೀನು ಚಲಿಸುತ್ತಲೇ ಇರುವುದರಿಂದ ಕ್ಯಾಮರಾದ ವೇಗ ಸೆಕೆಂಡಿನ 125ನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಇರಲಿ. ಅದೆಲ್ಲ ಗೊಂದಲ ಎನಿಸಿದರೆ ಬಟನ್ ಒತ್ತಿ ಹಿಡಿದು ಸಾಲಾಗಿ ಇಪ್ಪತ್ತು ತೆಗೆಯಿರಿ, ಕಣ್ಣು ಸ್ಪಷ್ಟವಾಗಿರುವುದನ್ನು ಉಳಿಸಿ ಉಳಿದದ್ದನ್ನು ಅಳಿಸಿ. ತೊಟ್ಟಿಯ ದೀಪ ಹಾಕಿದ ಕೂಡಲೇ ತೆಗೆಯಬೇಡಿ. ನಿಯಾನ್ ಟೆಟ್ರಾದಂತಹ ಮೀನುಗಳು ಕತ್ತಲಲ್ಲಿ ಬಿಳಿಚಿಕೊಂಡಿದ್ದು, ಬಣ್ಣ ಮರಳಲು ಸಮಯ ಬೇಕು.

ಫ್ಲ್ಯಾಶಿನಿಂದ ಮೀನು ಕುರುಡಾಗುತ್ತದೆಯೇ? ಹಲವರಿಗೆ ಈ ಭಯವಿದೆ. ಸಮುದ್ರಕುದುರೆ ಮುಂತಾದ ಮೀನುಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫ್ಲ್ಯಾಶಿನಿಂದ ಅವುಗಳ ಕಣ್ಣಿಗೆ ಹಾನಿ ಕಂಡುಬರಲಿಲ್ಲ. ಮನುಷ್ಯರು ಅವನ್ನು ಮುಟ್ಟಿ ಸರಿಸಿದ್ದೇ ಹೆಚ್ಚು ತೊಂದರೆ ಕೊಟ್ಟಿತ್ತು. ಎದುರಿನ ಫ್ಲ್ಯಾಶ್ ಗಾಜಿನಲ್ಲಿ ಪ್ರತಿಫಲಿಸಿ ಫೋಟೋ ಕೆಡಿಸುವುದರಿಂದ ಅದು ಹೇಗೂ ಬೇಡ. ಆದರೆ ಮೀನು ಇತ್ತ ತಿರುಗಲಿ ಎಂದು ಗಾಜು ತಟ್ಟುವ ಮಕ್ಕಳ ಕೈಯನ್ನು ಖಂಡಿತ ತಡೆಯಿರಿ. ಹಾಗೆಯೇ ಬೆಟ್ಟಾ ಮೀನಿಗೆ ಕನ್ನಡಿ ತೋರಿಸಿದರೆ ಎದುರು ಇನ್ನೊಂದು ಗಂಡು ಬಂತೆಂದು ಕಿವಿರು ಅಗಲಿಸಿ ರೆಕ್ಕೆ ಬಿಚ್ಚುತ್ತದೆ. ಒಂದೆರಡು ನಿಮಿಷಕ್ಕೆ ಅಡ್ಡಿಯಿಲ್ಲ, ಅದನ್ನೇ ದಿನವಿಡೀ ಆಟ ಮಾಡಿಕೊಂಡರೆ ಮೀನು ದಣಿಯುತ್ತದೆ. ಇನ್ನು ದುಂಡು ಬೌಲಿನೊಳಗಿನ ಗೋಲ್ಡ್‌ಫಿಶ್? ಬಾಗಿದ ಗಾಜಿನಿಂದ ಅದರ ಚಿತ್ರ ಸೊಟ್ಟಗಾಗುತ್ತದೆ. ಅಷ್ಟು ಕಡಿಮೆ ನೀರಿನಲ್ಲಿ ಅದರ ಹೊಲಸೇ ಅದಕ್ಕೆ ಕುತ್ತಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ವಿಷಯ. ಚೆಂದಕ್ಕೆಂದು ಅದನ್ನು ಮಾರುವವರ ಮಾತಿಗೆ ಮರುಳಾಗಬೇಡಿ.

ಇಷ್ಟೆಲ್ಲ ಶ್ರಮ ಬರೀ ಸ್ಟೇಟಸ್ಸಿಗೆ ಹಾಕಲಿಕ್ಕೇ? ಅಲ್ಲ. ಮೀನಿಗೆ ಕಾಯಿಲೆಯಾದರೆ ಅದು ಕೂಗಿ ಹೇಳುವುದಿಲ್ಲ. ವಾರಕ್ಕೊಮ್ಮೆ ಒಂದೇ ಬದಿಯಿಂದ ತೆಗೆದ ಸ್ಪಷ್ಟ ಫೋಟೋಗಳಿದ್ದರೆ ರೆಕ್ಕೆ ಹರಿದದ್ದು, ಹೊಟ್ಟೆ ಉಬ್ಬಿದ್ದು ಹೋಲಿಸಿದಾಗ ತಿಳಿಯುತ್ತದೆ. ಉಪ್ಪಿನ ಹರಳು ಉದುರಿಸಿದಂತೆ ಮೈಯೆಲ್ಲ ಚುಕ್ಕೆ ಎದ್ದು, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಸಾಮಾನ್ಯವಾಗಿ ಬಿಳಿಚುಕ್ಕೆ ರೋಗ. ಅದರ ರೋಗಾಣು ಚರ್ಮದೊಳಗೆ ಅಡಗಿರುವಾಗ ಔಷಧಿ ಅದಕ್ಕೆ ತಟ್ಟುವುದಿಲ್ಲ. ಮೀನಿನಿಂದ ಉದುರಿ, ತಳದಲ್ಲಿ ಒಡೆದು, ನೂರಾರು ಮರಿಗಳಾಗಿ ನೀರಿನಲ್ಲಿ ಈಜುವಾಗ ಮಾತ್ರ ತಟ್ಟುತ್ತದೆ. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ಎರಡನೇ ದಿನಕ್ಕೇ ಔಷಧಿ ನಿಲ್ಲಿಸಬಾರದು. ದಿನಾಂಕ ಸಹಿತ ಫೋಟೋಗಳಿದ್ದರೆ ಈ ಲೆಕ್ಕ ತಪ್ಪುವುದಿಲ್ಲ.

ಗಂಡು ಗೋಲ್ಡ್‌ಫಿಶ್‌ನ ವಿಷಯದಲ್ಲಿ ಮಾತ್ರ ಔಷಧಿಗೆ ಅವಸರ ಮಾಡಬೇಡಿ. ಮರಿ ಮಾಡುವ ಕಾಲದಲ್ಲಿ ಅದರ ಕಿವಿರಿನ ಮುಚ್ಚಳ ಮತ್ತು ಮುಂದಿನ ರೆಕ್ಕೆಯ ಅಂಚಿನಲ್ಲಿ ಇಂಥದೇ ಬಿಳಿ ಕಾಳುಗಳು ಏಳುತ್ತವೆ. ಅದು ರೋಗವಲ್ಲ. ಫೋಟೋವನ್ನು ದೊಡ್ಡದು ಮಾಡಿ ಚುಕ್ಕೆಗಳು ಎಲ್ಲಿವೆ ಎಂದು ನೋಡಿ. ಆ ಎರಡು ಜಾಗಗಳಲ್ಲಷ್ಟೇ ಇದ್ದು ಮೀನು ಚುರುಕಾಗಿ ತಿಂದುಕೊಂಡಿದ್ದರೆ, ಬಾಟಲಿಯ ಮುಚ್ಚಳ ತೆರೆಯುವ ಅಗತ್ಯವಿಲ್ಲ.