ಉಳಿದ ನಿಮಿಷ ಯಾರ ಪಾಲು?

ನಾನು ಮೇಷ್ಟರಾಗಿದ್ದಾಗ ನನ್ನ ಬಳಿ ಓದಿದ ಹೊನ್ನೂರಿನ ಹುಡುಗನೊಬ್ಬ ಈಗ ಮೈಸೂರಿನ ಕಾರ್ಖಾನೆಯೊಂದರಲ್ಲಿ ಮಿಲ್ಲಿಂಗ್ ಯಂತ್ರ ನಡೆಸುತ್ತಾನೆ. ಹಬ್ಬಕ್ಕೆ ಊರಿಗೆ ಬಂದಿದ್ದವನು ಹೇಳಿದ: "ಮೇಷ್ಟ್ರೇ, ಮೊದ್ಲು ಕಟರ್ ಬದಲಾಯಿಸಕ್ಕೆ ಮೂರು ನಿಮಿಷ ಹಿಡೀತಿತ್ತು. ಈಗ ಯಂತ್ರನೇ ಕೆಲವು ಸೆಕೆಂಡಲ್ಲಿ ಬದಲಾಯಿಸ್ಕೊತದೆ. ನಂಗೆ ಒಂದರ ಬದ್ಲು ಮೂರು ಯಂತ್ರ ಒಪ್ಸವ್ರೆ. ಸಂಬ್ಳ ಮಾತ್ರ ಅಷ್ಟೇ ಅದೆ."

ಉಳಿದ ಆ ನಿಮಿಷಗಳು ಯಾರ ಪಾಲಾದವು? ಇದೇ ಇಂದಿನ ಪ್ರಶ್ನೆ.

ಮೊದಲು ಯಂತ್ರದ ಬಗೆ ತಿಳಿಯೋಣ. ಹಲವು ಕಟರುಗಳನ್ನು ಹೊತ್ತ ಚಕ್ರವೊಂದನ್ನು ಮೋಟಾರು ತಿರುಗಿಸುತ್ತದೆ. ಬೇಕಾದ ಕಟರು ಎದುರಿಗೆ ಬಂದೊಡನೆ ಸೆನ್ಸರು ಸೂಚನೆ ಕೊಡುತ್ತದೆ, ಮೋಟಾರು ನಿಲ್ಲುತ್ತದೆ. ಸ್ಪಿಂಡಲು ಗೊತ್ತಾದ ಕೋನದಲ್ಲಿ ನಿಂತ ಮೇಲೆ ಗಾಳಿಯ ಒತ್ತಡವು ಸ್ಪ್ರಿಂಗಿನ ಹಿಡಿತವನ್ನು ಸಡಿಲಿಸುತ್ತದೆ. ಯಂತ್ರದ ತೋಳು ಹಳೆಯ ಕಟರನ್ನು ಎಳೆದು ಹೊಸದನ್ನು ಕೂರಿಸುತ್ತದೆ. ಹಿಂದಿನ ಹೆಜ್ಜೆ ಮುಗಿಯಿತೆಂದು ಸಾಕ್ಷಿ ದೊರೆಯದ ಹೊರತು ಮುಂದಿನ ಮೋಟಾರು ಅಲುಗುವಂತಿಲ್ಲ. ಕೊಳ್ಳೇಗಾಲದ ರೇಷ್ಮೆ ನೇಕಾರರಿಗೆ ಇದು ಬೇಗ ಅರ್ಥವಾದೀತು. ಜಕಾರ್ಡ್ ಮಗ್ಗದಲ್ಲಿ ತೂತಿನ ರಟ್ಟು ಯಾವ ಎಳೆ ಏಳಬೇಕೆಂದು ಹೇಳುವಂತೆ, ಇಲ್ಲಿ ಅಂಕಿಗಳ ಸಾಲು ಯಾವ ಮೋಟಾರು ಯಾವಾಗ ತಿರುಗಬೇಕೆಂದು ಹೇಳುತ್ತದೆ.

1958ರಲ್ಲಿ ಅಮೆರಿಕದ ಕರ್ನಿ ಅಂಡ್ ಟ್ರೆಕರ್ ಕಂಪೆನಿ ಇಂಥ ಯಂತ್ರವನ್ನು ಹೊರತಂದಿತು. ನಮ್ಮ ನಾಡಿನಲ್ಲಿ ಯಂತ್ರೋಪಕರಣದ ವಿದ್ಯೆ ಬೇರೂರಿದ್ದು ಸಾರ್ವಜನಿಕರ ಹಣದಿಂದ. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ., 1962ರಲ್ಲಿ ಅಲ್ಲಿಯೇ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಹುಟ್ಟಿದವು. ಜನರ ಹಣದಿಂದ ಬೆಳೆದ ವಿದ್ಯೆಯ ಫಲದಲ್ಲಿ ಜನರಿಗೆ ಪಾಲಿಲ್ಲವೆಂದರೆ ಅದು ಯಾವ ನ್ಯಾಯ?

ಯಂತ್ರ ವೇಗವಾದಂತೆ ದುಡಿಮೆಯ ಹೊತ್ತು ಇಳಿಯಬೇಕಿತ್ತು. ಆದುದೇನು? 2023ರಲ್ಲಿ ಕರ್ನಾಟಕ ವಿಧಾನಮಂಡಲವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ತೆರೆಯಿತು. ವಾರಕ್ಕೆ 48 ಗಂಟೆಯ ಮಿತಿಯಿದೆ, ಕೆಲಸಗಾರನ ಒಪ್ಪಿಗೆ ಬೇಕು ಎಂದರು. ಗೇಟಿನ ಹೊರಗೆ ಹತ್ತು ಮಂದಿ ಕೆಲಸಕ್ಕೆ ಕಾದು ನಿಂತಿರುವಾಗ ಒಳಗಿರುವವನ ಒಪ್ಪಿಗೆಗೆ ಬೆಲೆಯೆಷ್ಟು?

ನಾವು ಯಂತ್ರದ ವೈರಿಗಳಲ್ಲ. ಭಾರವಾದ ಕಟರನ್ನು ದಿನವಿಡೀ ಬಿಚ್ಚಿ ಬಿಗಿಯುವ ಕಷ್ಟ ತಪ್ಪಿದರೆ ಸಂತೋಷವೇ. ಆದರೆ ಉಳಿದ ಹೊತ್ತಿನಲ್ಲಿ ಒಂದು ಪಾಲು ಕೂಲಿಯಾಗಿಯೋ ಬಿಡುವಾಗಿಯೋ ದುಡಿಯುವವನಿಗೆ ಸಲ್ಲಬೇಕು. ಐ.ಟಿ.ಐ.ಗಳಲ್ಲಿ ನಮ್ಮ ಹುಡುಗರಿಗೆ ಗುಂಡಿ ಒತ್ತುವುದನ್ನಷ್ಟೇ ಅಲ್ಲ, ಮೋಟಾರನ್ನು ಹತೋಟಿಯಲ್ಲಿಡುವ ಒಳಗುಟ್ಟನ್ನೂ ಕಲಿಸಬೇಕು. ಗುಂಡಿಯಷ್ಟೇ ಗೊತ್ತಿದ್ದವನನ್ನು ನಾಳೆ ಮನೆಗೆ ಕಳಿಸುವುದು ಸುಲಭ; ಕೆಟ್ಟ ಯಂತ್ರವನ್ನು ರಿಪೇರಿ ಮಾಡಬಲ್ಲವನನ್ನು ಕಳಿಸುವುದು ಕಷ್ಟ.

ಹಿಂದಿನ ಹೆಜ್ಜೆ ಭದ್ರವಾಗದೆ ಮುಂದಿನದಕ್ಕೆ ಅಪ್ಪಣೆಯಿಲ್ಲ ಎಂಬುದು ಯಂತ್ರದ ಕಟ್ಟಳೆ. ದುಡಿಯುವವನ ಅನ್ನ ಭದ್ರವಾಗದೆ ಹೊಸ ಯಂತ್ರಕ್ಕೆ ಅಪ್ಪಣೆಯಿಲ್ಲ ಎಂಬುದು ಕಾರ್ಖಾನೆಯ ಕಟ್ಟಳೆಯೂ ಆಗಲಿ.