ಪಂಪು ಬಿಚ್ಚುವ ಮೊದಲು ಒತ್ತಡ ಅಳೆಯಿರಿ

ಕೊಯ್ಲಿನ ಕಾಲದಲ್ಲಿ ಗಾಡಿ ಕೈಕೊಟ್ಟರೆ ಏನಾಗುತ್ತದೆಂಬುದನ್ನು ನಮ್ಮ ಸದಸ್ಯ ಬಾಂಧವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಸಿ ಅಡಿಕೆಯ ಗೊನೆ ಇಳಿಸಿದ ಮೇಲೆ ಸುಲಿದು ಬೇಯಿಸುವ ಕೆಲಸ ಕಾಯುವುದಿಲ್ಲ. ಸುಲಿಯುವವರು ಬಂದು ಕುಳಿತಿರುತ್ತಾರೆ, ಹಂಡೆಯ ಕೆಳಗೆ ಬೆಂಕಿ ಹತ್ತಿರುತ್ತದೆ, ಗಾಡಿ ಮಾತ್ರ ಎಲ್ಲೋ ಏರಿನಲ್ಲಿ ಕೆಮ್ಮುತ್ತ ನಿಂತಿರುತ್ತದೆ. ಘಟ್ಟದ ಕಡೆಯ ಕಾಫಿ ಬೆಳೆಗಾರರ ಪಾಡೂ ಇದೇ. ಕಿತ್ತ ಹಣ್ಣು ಆ ದಿನವೇ ಪಲ್ಪರಿಗೆ ಬೀಳಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಸಣ್ಣ ಹಿಡುವಳಿದಾರರಲ್ಲಿ ಹೊಸ ಪಿಕಪ್ ಕೊಳ್ಳುವವರು ಕಡಿಮೆ. ಎರಡು ಮೂರು ಕೈ ದಾಟಿ ಬಂದ ಹಳೆಯ ಡೀಸೆಲ್ ಗಾಡಿಯೇ ನಮಗೆ ಗತಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ನೀರು ಹೊತ್ತು ತೋಟ ಉಳಿಸಿದವುಗಳಲ್ಲಿ ಇಂಥ ಗಾಡಿಗಳೂ ಇದ್ದವು. ಇವುಗಳ ದೂರು ಬಹುಮಟ್ಟಿಗೆ ಒಂದೇ: ಖಾಲಿ ಇದ್ದಾಗ ಚೆನ್ನಾಗಿ ಓಡುತ್ತದೆ, ಲೋಡು ಹಾಕಿದರೆ ಎಳೆತವಿಲ್ಲ, ಬೆಳಿಗ್ಗೆ ಸ್ಟಾರ್ಟ್ ಆಗಬೇಕಾದರೆ ಬ್ಯಾಟರಿ ಇಳಿಯುವಷ್ಟು ತಿರುಗಿಸಬೇಕು. ಗ್ಯಾರೇಜಿಗೆ ಒಯ್ದರೆ ಬಾನೆಟ್ ಎತ್ತಿದ ಐದು ನಿಮಿಷದಲ್ಲಿ ತೀರ್ಪು ಬರುತ್ತದೆ: "ಪಂಪು ಹೋಗಿದೆ." ಈ ತೀರ್ಪಿನ ಬಗ್ಗೆಯೇ ನಮ್ಮ ತಕರಾರು.

ನಾವೂ ಒಮ್ಮೆ ಈ ಮಾತನ್ನು ನಂಬಿ ಪಂಪು ಬಿಚ್ಚಿಸಿದೆವು. ಎಲ್ಲಿ, ಯಾರು ಎಂಬುದು ಇಲ್ಲಿ ಬೇಡ. ಪಂಪು ಪೇಟೆಗೆ ಹೋಯಿತು, ನಾಲ್ಕು ದಿನ ಕಳೆಯಿತು, ಒಂದು ಕೊಯ್ಲಿನ ಬಾಡಿಗೆ ಬೇರೆ ಗಾಡಿಗೆ ಹೋಯಿತು. ತಂದು ಕೂರಿಸಿದ ಮೇಲೆ ಗಾಡಿ ಮೊದಲಿನಂತೆಯೇ ಕೆಮ್ಮಿತು. ಕೊನೆಗೆ ಟ್ರ್ಯಾಕ್ಟರ್ ರಿಪೇರಿ ಮಾಡುವ ಹಿರಿಯರೊಬ್ಬರು ಟ್ಯಾಂಕಿನ ತಲೆಯ ಬಳಿ ಕೈಯಾಡಿಸಿ, ಬಿರುಕು ಬಿಟ್ಟ ಒಂದು ಗೇಣು ರಬ್ಬರ್ ಪೈಪನ್ನು ಕಿತ್ತು ನಮ್ಮ ಕೈಗಿತ್ತರು. ಅದರ ಬೆಲೆ ಬರೆಯಲು ನಮಗೆ ನಾಚಿಕೆ.

ಆ ಪೈಪಿನಿಂದ ಒಂದು ಹನಿ ಡೀಸೆಲ್ಲೂ ಹೊರಗೆ ಸುರಿದಿರಲಿಲ್ಲ. ಮೋಸ ಇರುವುದೇ ಅಲ್ಲಿ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ಲನ್ನು ಎಳೆಯುವುದೇ ಹೊರತು ತಳ್ಳುವುದಿಲ್ಲ. ಆದ್ದರಿಂದ ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಬರುವುದಕ್ಕಿಂತ ಮೊದಲು ಗಾಳಿ ಒಳಗೆ ಹೋಗುತ್ತದೆ. ರಾತ್ರಿ ನಿಂತಾಗ ಆ ಗಾಳಿಯಿಂದಲೇ ಡೀಸೆಲ್ ಹಿಂದಕ್ಕೆ ಇಳಿದು, ಬೆಳಿಗ್ಗೆಯ ತೊಂದರೆ ಹುಟ್ಟುತ್ತದೆ.

ಮೊದಲು ಹೊಗೆ ನೋಡಬೇಕು. ಎಳೆತವಿಲ್ಲದೆ ಕಪ್ಪು ಹೊಗೆ ಕಾರುತ್ತಿದ್ದರೆ ಡೀಸೆಲ್ ಕೊರತೆಯಲ್ಲ, ಗಾಳಿಯ ಕೊರತೆಯಿರಬಹುದು. ಏರ್ ಫಿಲ್ಟರ್ ತೆಗೆದು ನೋಡಿ. ಹೊಗೆಯಿಲ್ಲದೆ ಸೊರಗಿದರೆ ಡೀಸೆಲ್ ದಾರಿ ಹಿಡಿಯಿರಿ. ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಉಸ್ಸೆಂದು ಗಾಳಿ ಎಳೆದು, ಆಮೇಲೆ ಗಾಡಿ ಸರಿಹೋದರೆ ಗಾಳಿಕಿಂಡಿ ಮುಚ್ಚಿದೆ ಎಂದರ್ಥ.

ಎರಡನೆಯ ಪರೀಕ್ಷೆ ಕ್ಯಾನಿನದು. ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಇದಕ್ಕಿಂತ ನಂಬಿಕೆಯ ಪರೀಕ್ಷೆ ನಮಗೆ ತಿಳಿದಿಲ್ಲ. ಶುದ್ಧ ಡೀಸೆಲ್ ತುಂಬಿದ ಐದು ಲೀಟರಿನ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಟ್ಯಾಂಕಿನ ಪೈಪು ಬಿಡಿಸಿ, ಕ್ಯಾನಿನಿಂದ ನೇರವಾಗಿ ಡೀಸೆಲ್ ಕೊಡಿ, ಏರ್ ತೆಗೆಯಿರಿ. ಗಾಡಿ ಗುಣವಾಯಿತೆಂದರೆ ದೋಷ ಹಿಂದುಗಡೆ ಇದೆ: ಟ್ಯಾಂಕಿನ ಜಾಲರಿ, ಪೈಪು, ಬೋಲ್ಟಿನ ತಾಮ್ರದ ವಾಷರು. ಫಿಲ್ಟರಿಗೂ ಪಂಪಿಗೂ ನಡುವೆ ಪಾರದರ್ಶಕ ಪೈಪೊಂದನ್ನು ಹಾಕಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಒಲೆಯ ಹತ್ತಿರ ಮಾತ್ರ ಇದನ್ನು ಮಾಡಬೇಡಿ.

ಪ್ರತ್ಯೇಕ ಫೀಡ್ ಪಂಪಿರುವ ಗಾಡಿಯಾದರೆ ಫಿಲ್ಟರಿನ ನಂತರ ಒತ್ತಡದ ಗೇಜು ಕೂರಿಸಬಹುದು. ಚದರ ಸೆಂಟಿಮೀಟರಿಗೆ ಸುಮಾರು 1ರಿಂದ 1.5 ಕಿಲೋ ಒತ್ತಡ ಸಾಮಾನ್ಯ. ನಿಖರ ಅಂಕಿ ಆಯಾ ಗಾಡಿಯ ಪುಸ್ತಕದಲ್ಲಿದೆ. ಕಡಿಮೆ ಇದ್ದರೆ ಫಿಲ್ಟರ್ ಬದಲಿಸಿ ಮತ್ತೆ ನೋಡಿ. ಆಗಲೂ ಏರದಿದ್ದರೆ ಹಿಂದಿರುಗುವ ರಬ್ಬರ್ ಪೈಪನ್ನು ಕ್ಷಣಕಾಲ ಒತ್ತಿಹಿಡಿದರೆ ಸಾಕು: ಮುಳ್ಳು ಮೇಲೇರಿದರೆ ಹೆಚ್ಚುವರಿ ಡೀಸೆಲ್ ಬಿಡುವ ಸಣ್ಣ ವಾಲ್ವು ಸಡಿಲವಾಗಿದೆ, ಏರದಿದ್ದರೆ ಫೀಡ್ ಪಂಪಿನ ಒಳವಾಲ್ವುಗಳನ್ನು ನೋಡಬೇಕು. ಇಷ್ಟೆಲ್ಲ ಮುಗಿದ ಮೇಲೆ ಉಳಿಯುವುದು ಮೈಕೋ ಪಂಪಿನ ಸರದಿ. (1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ಪಂಪು ಮಾತ್ರ ನಮ್ಮವರ ಬಾಯಲ್ಲಿ ಇನ್ನೂ ಮೈಕೋ ಪಂಪೇ.)

ಕಾಮನ್ ರೈಲ್ ಎಂಜಿನ್ ಇರುವವರು ಮೇಲಿನ ಯಾವ ಪೈಪನ್ನೂ ತಾವಾಗಿ ಬಿಚ್ಚಕೂಡದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಅದಕ್ಕೆ ಕಂಪ್ಯೂಟರ್ ಜೋಡಿಸಿಯೇ ಅಂಕಿ ಓದಬೇಕು. ಆದರೆ ಅಲ್ಲಿಯೂ ಅಂಕಿ ಕೇಳುವುದು ನಮ್ಮ ಹಕ್ಕು.

ಜಗಳೂರಿನ ಕಡೆಯ ಮಿತ್ರರಿಗೆ ಒಂದು ಪ್ರತ್ಯೇಕ ಮಾತು. ಬಂಕು ದೂರವೆಂದು ಬ್ಯಾರಲ್ಲಿನಲ್ಲಿ ಡೀಸೆಲ್ ಇಡುವುದು ಅಲ್ಲಿ ರೂಢಿ. ಅರ್ಧ ಖಾಲಿಯಾದ ಬ್ಯಾರಲ್ಲಿನ ಒಳಗೋಡೆಯಲ್ಲಿ ರಾತ್ರಿಯ ತಂಪಿಗೆ ನೀರು ಕಟ್ಟಿ ತಳಕ್ಕಿಳಿಯುತ್ತದೆ; ಧೂಳಂತೂ ಇದ್ದೇ ಇದೆ. ತಳದ ನಾಲ್ಕು ಬೆರಳಷ್ಟನ್ನು ಗಾಡಿಗೆ ಹಾಕಬೇಡಿ. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವುದು ಇನ್ನೂ ಕೆಟ್ಟದ್ದು. ಪಂಪಿನ ಒಳಗಿನ ಉಕ್ಕಿಗೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ. ಹಾಗೆ ಮಾಡಿದವರ ಪಂಪು ನಿಜವಾಗಿಯೂ ಹೋಗಿರುತ್ತದೆ, ಆಗ ಗ್ಯಾರೇಜಿನವರನ್ನು ಬಯ್ದು ಫಲವಿಲ್ಲ.

ಎಲ್ಲ ಗ್ಯಾರೇಜಿನವರೂ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಅಳೆಯಲು ಹೊತ್ತು ಬೇಕು, ನಾವು ಆ ಹೊತ್ತಿಗೆ ಕೂಲಿ ಕೊಡಲು ಹಿಂಜರಿಯುತ್ತೇವೆ. ಸಾಮಾನಿಗಾದರೆ ಸಾಲ ಮಾಡಿಯಾದರೂ ಕೊಡುತ್ತೇವೆ. ಹೀಗಿರುವಾಗ ಮೆಕ್ಯಾನಿಕ್ ಸಾಮಾನು ಮಾರದೆ ಇನ್ನೇನು ಮಾಡಿಯಾನು? ಪರೀಕ್ಷೆಗೆಂದೇ ಬೇರೆ ಕೂಲಿ ಕೊಡೋಣ, ಗೇಜಿನ ಅಂಕಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳೋಣ.

ಔಷಧಿ ಸಿಂಪಡಿಸುವ ಪಂಪನ್ನು ಬಾಡಿಗೆಗೆ ಕೊಡುವಂತೆ, ನಮ್ಮ ಸಂಘವೂ ಒಂದು ಗೇಜು, ಅದಕ್ಕೆ ಬೇಕಾದ ಬೋಲ್ಟು ವಾಷರುಗಳು, ಎರಡು ಮೀಟರ್ ಪಾರದರ್ಶಕ ಪೈಪು, ಒಂದು ಕ್ಯಾನನ್ನು ಪೆಟ್ಟಿಗೆಯಲ್ಲಿಟ್ಟು ಸದಸ್ಯರಿಗೆ ಕೊಡಬಾರದೇಕೆ? ಗೌರಿ ಹಬ್ಬದೊಳಗೆ ಈ ಪೆಟ್ಟಿಗೆ ಸಿದ್ಧವಾದರೆ ಈ ಕೊಯ್ಲಿಗೇ ಉಪಯೋಗಕ್ಕೆ ಬರುತ್ತದೆ. ಮುಂದಿನ ಸಭೆಯಲ್ಲಿ ಇದನ್ನು ಕೇಳಲಿದ್ದೇವೆ. ಬೆಂಬಲಿಸುವವರು ಅಂದು ತಪ್ಪದೆ ಬರಬೇಕೆಂದು ಕೋರಿಕೆ.