ರೊಕ್ಕಾ ಕೊಟ್ಟು ನಾವಽ ಸುಟ್ಕೊಂಡು ತಿಂದು ಬಂದೀವಿ, ಏನೀಗ?

ಮೊನ್ನೆ ನಮ್ಮ ಅಣ್ಣನ ಸೊಸಿ ಕುಬಸದಾಗ ಎಲ್ಲಾರೂ ಕೂಡಿದ್ವಿ. ಊಟಾ ಮುಗಿಸಿ ಎಲಿ-ಅಡಕಿ ಹಾಕ್ಕೋತ ಕೂತಾಗ ಮಾತು ನಮ್ಮ ಕೊರಿಯಾ ಪ್ರವಾಸಕ್ಕ ಬಂತು. ಮಗಳು ಸಿಯೋಲ್‌ದಾಗ ಓದಾಕತ್ತಾಳಲ್ಲ, ಆಕಿ ಹತ್ರ ಇಪ್ಪತ್ತು ದಿನಾ ಇದ್ದು ಬಂದೀವಿ. ಅಲ್ಲಿ ಹೊಟೇಲಿನಾಗ ಟೇಬಲ್ಲಿನ ನಡುವಽ ಕೆಂಡದ ಒಲಿ ಇರ್ತೈತಿ, ಹಸಿ ಮಾಂಸಾ ತಂದಿಡ್ತಾರ, ನಾವಽ ಸುಟ್ಕೊಂಡು ತಿನ್ನಬೇಕು ಅಂತ ಹೇಳಿದೆ ನೋಡ್ರಿ, ನಮ್ಮ ದೊಡ್ಡ ವೈನಿ ಗಲ್ಲಕ್ಕ ಕೈ ಹಚ್ಚಿದ್ರು.

"ಅಯ್ಯ ನಮ್ಮವ್ವಾ! ಮನ್ಯಾಗ ದಿನಾ ಒಲಿ ಮುಂದ ನಿಂತದ್ದು ಸಾಲ್ಲಿಲ್ಲೇನು ನಿನಗ? ಅಷ್ಟು ದೂರ ಹೋಗಿ, ರೊಕ್ಕಾ ಕೊಟ್ಟು, ಅಲ್ಲೂ ನೀನಽ ಅಡಿಗಿ ಮಾಡಿ ಬಂದ್ಯಾ?"

ಎಲ್ಲಾರೂ ನಕ್ಕರು. ನಾನೂ ನಕ್ಕೆ. ಮನಿಗೆ ಬಂದ ಮ್ಯಾಲೆ ಸಿಟ್ಟು ಬಂತು. ವೈನಿ ಮ್ಯಾಲಲ್ಲ, ನನ್ನ ಮ್ಯಾಲೆ. ಆಡಬೇಕಾದ ಮಾತು ಅಲ್ಲೇ ಆಡಲಿಲ್ಲಲ್ಲ ಅಂತ. ಅದಕ್ಕ ಇವತ್ತು ಇಲ್ಲೆ ಬರಕೋತ ಕೂತೀನಿ. ವೈನಿ, ನೀವೂ ಓದ್ರಿ, ಆಮ್ಯಾಲೆ ಬೈರಿ.

ಮೊದಲನೇ ಮಾತು. ಅಲ್ಲಿ ನಾ ಸುಡಲಿಲ್ಲ. ಸುಟ್ಟವರು ನಮ್ಮ ಮನಿಯವರು.

ನಮ್ಮ ಮನಿಯವರು ಹೆಂಗ ಅನ್ನೂದು ನಿಮಗೆಲ್ಲಾ ಗೊತ್ತೈತಿ. ಕೆಟ್ಟ ಮನಷ್ಯಾ ಅಲ್ಲ, ಒಂದು ದಿನಾ ಊಟಕ್ಕ ಹೆಸರಿಟ್ಟವರಲ್ಲ. ಆದ್ರ 31 ವರ್ಷದ ಸಂಸಾರದಾಗ ತಮ್ಮ ತಾಟಿಗೆ ತಾವಾಗಿ ಒಂದು ರೊಟ್ಟಿ ಹಾಕ್ಕೊಂಡವರೂ ಅಲ್ಲ. ಅಂಥವರು ಸಿಂಚೋನ್ ಅನ್ನೋ ಓಣ್ಯಾಗ, ಕಾಲೇಜು ಹುಡುಗೂರು ತುಂಬಿದ ಒಂದು ಅಂಗಡ್ಯಾಗ, ಕೊಳ್ಳಿಗೆ ಏಪ್ರನ್ ಕಟ್ಕೊಂಡು ಕೂತಿದ್ರು. ಅಂಥಾ ಅಂಗಡ್ಯಾಗ ಹಂದಿ, ದನಾನಽ ಹೆಚ್ಚು. ನಾವು ಕೋಳಿ, ಕುರಿ ಬಿಟ್ಟು ಬ್ಯಾರೆ ತಿನ್ನಂಗಿಲ್ಲ ಅಂತ ಮಗಳು ಕೋಳಿ ಸಿಗೂದು ಹುಡುಕಿ ಕರ್ಕೊಂಡು ಹೋಗಿದ್ಲು. ಕೆಂಪು ಖಾರದ ಮಸಾಲಿ ಹಚ್ಚಿದ ಕೋಳಿ, ದಕ್‌ಗಾಲ್ಬಿ ಅಂತಾರ. ಕೂಡೂ ಸ್ಟೂಲಿನ ಮುಚ್ಚಳಾ ತಗದು ಸ್ವೆಟರ್, ಚೀಲಾ ಅದರೊಳಗಽ ಇಡಬೇಕು, ಹೊಗಿ ವಾಸನಿ ಹಿಡಿಬಾರದು ಅಂತ. ತಲಿ ಮ್ಯಾಲಿಂದ ಒಂದು ಕೊಳಿವಿ ಇಳದು ಬಂದು ಹೊಗಿ ಎಳಕೋತೈತಿ. ಕೈಯಾಗ ಒಂದು ಇಕ್ಕಳಾ, ಒಂದು ಕತ್ರಿ. ಹೌದ್ರಿ, ಮಾಂಸಾ ಕತ್ರೀಲೆ ಕತ್ತರಸ್ತಾರ!

ಮೊದಲು ಮಗಳು ಇಕ್ಕಳಾ ಹಿಡದ್ಲು. ಬಾಜೂ ಟೇಬಲ್ಲಿನಾಗ ನಮ್ಮ ಮನಿಯವರ ವಯಸ್ಸಿನವನಽ ಒಬ್ಬಾಂವ ಹೆಂಡತಿ ಎದುರು ಕೂತು ಸುಟ್ಟು, ಕತ್ತರಿಸಿ, ಆಕಿ ಕಡೆ ಸರಸಾಕತ್ತಿದ್ದ. ಆಕಿ ಆರಾಮ ಮಾತಾಡಕೋತ ತಿನ್ನಾಕತ್ತಿದ್ಲು. ಇವರು ಎರಡು ಸಲ ಆ ಕಡೆ ನೋಡಿದ್ರು. ಆಮ್ಯಾಲೆ ಮಗಳ ಕೈಯಾಗಿನ ಇಕ್ಕಳಾ ಇಸಗೊಂಡು, "ತಾ ಇಲ್ಲೆ, ನೀ ತಿನ್ನು" ಅಂದ್ರು.

ನಾ ಏನು ಮಾಡಿದೆ ಗೊತ್ತೇನು? ಕೈ ಚಾಚಿದೆ. "ಕೊಡ್ರಿ, ನಿಮಗ ಬರಂಗಿಲ್ಲ, ಹೊತ್ತಸ್ತೀರಿ" ಅಂದೆ. ಮಗಳು ನನ್ನ ಕೈ ಹಿಡದು ಕೆಳಗ ಇಟ್ಲು. ಖರೇನಽ ಒಂದು ಕಡೆ ಹೊತ್ತಾಕತ್ತಿತ್ತು. ಅಷ್ಟರಾಗ ಅಲ್ಲಿ ಕೆಲಸಾ ಮಾಡೋ ಬಾಯಿ ಬಂದ್ಲು. ನನ್ನ ಓರಿಗಿಯಾಕಿ ಇರಬೇಕು. ಅಲ್ಲಿ ಅಂಥವರಿಗೆ "ಇಮೊ" ಅಂತ ಕರೀತಾರ, ಅಂದ್ರ ಅವ್ವನ ಅಕ್ಕ-ತಂಗಿ, ನಮ್ಮ ದೊಡ್ಡವ್ವ-ಚಿಗವ್ವ ಇದ್ದಂಗ. ಆಕಿ ಇಕ್ಕಳಾ ತಗೊಂಡು ಪಟಾಪಟ್ ತಿರುವಿ ಹಾಕಿದ್ಲು. ಹಾಕಿ, ತಿರುಗಿ ಇಕ್ಕಳಾ ಕೊಟ್ಟದ್ದು ಯಾರಿಗೆ? ನನಗಲ್ಲ, ಇವರಿಗೆ.

ಅದಽ ನನ್ನ ತಲ್ಯಾಗ ಕೂತದ್ದು. ನಮ್ಮಲ್ಲಿ ಗಂಡಸ್ರಿಗೆ ಬರಂಗಿಲ್ಲ ಅಂತೀವಿ. ಬರಂಗಿಲ್ಲ, ಯಾಕಂದ್ರ ಮೊದಲನೇ ತುಂಡು ಹೊತ್ತಿದ ಕೂಡಲೆ ನಾವಽ ಕಸಗೋತೀವಿ. ಕಸಗೊಂಡು, ಮತ್ತ ಕುಬಸದಾಗ, ಮದುವ್ಯಾಗ ಕೂತು "ನಮ್ಮವರಿಗೆ ಒಂದು ಚಾ ಮಾಡಾಕ ಬರಂಗಿಲ್ಲ ನೋಡ" ಅಂತ ಹೆಮ್ಮೀಲೆ ಹೇಳತೀವಿ. ಹೆಮ್ಮಿ ಎದಕ್ಕ ಅಂತೀನಿ!

ಆವತ್ತು ನಾ ಹೆಂಗ ಉಂಡೆ ಕೇಳ್ರಿ. ಲೆಟ್ಯೂಸ್ ಎಲಿ ಅಂಗೈ ಮ್ಯಾಲೆ ಹಾಸಿ, ಬಿಸಿ ತುಂಡು ಇಟ್ಟು, ಬಳ್ಳೊಳ್ಳಿ ಚೂರು, ಹಸಿ ಮೆಣಸಿನಕಾಯಿ, ಸೋಯಾ ಕಾಳಿನ ಖಾರ ಹಚ್ಚಿ, ಎಲಿ ಮಡಚಿ ಒಂದಽ ತುತ್ತಿಗೆ ಬಾಯಾಗ. ಕೆಂಡದಿಂದ ಎತ್ತಿದ್ದು ಅಷ್ಟು ಬಿಸಿ ಇತ್ತಂದ್ರ ಕಣ್ಣಾಗ ನೀರು ಬಂತು. ಖಾರಕ್ಕ ಬಂತೋ ಎದಕ್ಕ ಬಂತೋ. ಬಿಸಿ ಇದ್ದಾಗ, ಎಲ್ಲಾರ ಜೋಡಿ, ಎದ್ದು ಹೋಗದಽ ನಾ ಉಂಡದ್ದು ನೆನಪಿಗೆ ಬರಲಿಲ್ಲ.

ಈಗ ನಮ್ಮ ಮನಿ ಲೆಕ್ಕಾ ಹಾಕ್ರಿ. ಬಿಸಿ ರೊಟ್ಟಿ ಹಂಚಿನಿಂದ ತಾಟಿಗೆ ಬೀಳಬೇಕು, ಇಲ್ಲಂದ್ರ ರುಚಿ ಇಲ್ಲ. ಒಪ್ಪೀನಿ, ನಾನೂ ಅದಽ ಮಣ್ಣಿನಾಕಿ. ಆದ್ರ ರೊಟ್ಟಿ ಬಿಸಿ ಇರಬೇಕಂದ್ರ ಹೆಣ್ಣಮಗಳು ಹಂಚಿನ ಮುಂದಽ ಇರಬೇಕು ಅಂತ ನಾವು ತಿಳಕೊಂಡೀವಿ. ಅಡಿಗಿ ಮನಿಯಿಂದ ಪಡಸಾಲಿಗೆ ಓಡಾಡ್ಕೋತ ಒಂದೊಂದಽ ಹಾಕೂದು. ಎಲ್ಲಾರದೂ ಮುಗದ ಮ್ಯಾಲೆ ಬಡದು ಬಡದು ಸಾಕಾಗಿ, ಕಡೀ ಎರಡು ತಣ್ಣನವು, ತಳದಾಗ ಉಳದ ಪಲ್ಯಾ. ಕೊರಿಯಾದವರಿಗೂ ಬಿಸೀನಽ ಬೇಕು. ಅದಕ್ಕ ಅವರು ಮಾಡಿದ್ದೇನು? ಉಣ್ಣವರಿದ್ದಲ್ಲೆ ಒಲಿ ತಂದ್ರು. ಬಿಸಿ ಬೇಕಂದ್ರ ಬೆಂಕಿ ಹತ್ರ ಕೂಡ್ರಿ, ನೀವಽ ತಿರುವ್ರಿ. ಇಷ್ಟು ಸಣ್ಣ ವಿಚಾರ ನಮಗ ಯಾಕ ಹೊಳೀಲಿಲ್ಲ?

ರೊಕ್ಕದ ಮಾತು ಸುಳ್ಳಲ್ಲ. ಸಿಯೋಲ್‌ದಾಗ ಹಂದಿಮಾಂಸಾ 200 ಗ್ರಾಮಿಗೆ ಸುಮಾರು 20,000 ವಾನ್, ಅಂದ್ರ 1,200 ರೂಪಾಯಿ ಮ್ಯಾಲಽ. ಬಹಳ ಅಂಗಡ್ಯಾಗ ಕಡಿಮಿ ಅಂದ್ರೂ ಇಬ್ಬರ ಪಾಲು ತಗೋಬೇಕು. ಕೋಳಿ ಅದಕ್ಕಿಂತ ಸೋವಿ, ಆದ್ರೂ ನನ್ನ ಹೊಟ್ಯಾಗ ಕಲಿಸಿದಂಗ ಆತು. ಒಂದು ಛಲೋ ಮಾತಂದ್ರ ಕಿಮ್ಚಿ, ಮೂಲಂಗಿ, ಸೊಪ್ಪು ಅಂತ ಸಣ್ಣ ಬಟ್ಟಲದಾಗ ಕೊಡೋ ಪಲ್ಯಾ ತೀರಿದ್ರ ಮತ್ತ ಪುಕ್ಕಟೆ ಹಾಕ್ತಾರ, ಟಿಪ್ಸ್ ಕೊಡೂ ಪದ್ಧತಿನೂ ಇಲ್ಲ. ಆದ್ರ ವೈನಿ, ರೊಕ್ಕಾ ಕೊಟ್ಟದ್ದು ಕೋಳಿಗಲ್ಲ. ಒಂದು ತಾಸು ಏಳಲಾರದಽ ಕೂತದ್ದಕ್ಕ.

ಕೊರಿಯಾ ಏನು ಸ್ವರ್ಗ ಅಂತ ನಾ ಹೇಳಾಕತ್ತಿಲ್ಲ ಮತ್ತ. ನಾವು ಕೂತು ತಿನ್ನುವಾಗ ಆ ಇಮೊ ನಿಂತಽ ಇದ್ಲು. ಕರಕಲಾದ ಜಾಳಗಿ ಬದಲಿಸಿ, ಕೆಂಡಾ ಹೊತ್ತು ತಂದು, ಹತ್ತು ಟೇಬಲ್ಲಿಗೆ ಓಡ್ತಿದ್ಲು. ಆಕಿ ಬಿಸಿ ಉಂಡಿರ್ತಾಳೋ ಇಲ್ಲೋ. ಮನಿ ಅಡಿಗಿ ಅಲ್ಲೂ ಬಹಳಷ್ಟು ಹೆಣ್ಣಮಕ್ಕಳ ಕೊಳ್ಳಿಗೇ. ಚುಸೋಕ್ ಅಂತ ಹುಣ್ಣಿಮಿ ದಿನಾ ಬರೋ ಸುಗ್ಗಿ ಹಬ್ಬಕ್ಕ ಹಿರಿಯರಿಗೆ ಎಡಿ ಹಿಡೀತಾರ, ನಮ್ಮ ಹಿರೇರ ಹಬ್ಬ ಇದ್ದಂಗ. ಸೊಸ್ತ್ಯಾರು ಕರದು ಕರದು ಬ್ಯಾಸತ್ತು, ಹಬ್ಬದ ಜಡ್ಡು ಅಂತ ಅದಕ್ಕೊಂದು ಹೆಸರಽ ಹುಟ್ಟೇತಿ ಅಲ್ಲಿ. ಕಡೀಗೆ 2022ರಾಗ ಸುಂಗ್‌ಕ್ಯುನ್‌ಗ್ವಾನ್ ಅನ್ನೋ ಕನ್ಫ್ಯೂಷಿಯಸ್ ಪಂಥದ ಹಳೇ ಸಂಸ್ಥೆಯವರಽ, ಎಣ್ಣ್ಯಾಗ ಕರದದ್ದು ಎಡಿಗೆ ಇಡಲೇಬೇಕಂತಿಲ್ಲ ಅಂತ ಹೇಳಿದ್ರು. ಹಿರಿಯರ ಹೆಸರಿನ ಪದ್ಧತಿ ಹಿರಿಯರಽ ಸಡಲ ಮಾಡಬಹುದು ಅಂದ್ರ, ನಮ್ಮ ಮನಿ ರೊಟ್ಟಿ ಪದ್ಧತಿ ಯಾವ ಶಾಸ್ತ್ರದಾಗ ಬರದೈತಿ?

ಊರಿಗೆ ಬಂದ ಮ್ಯಾಲೆ ಒಂದು ಕೆಲಸಾ ಮಾಡೀನಿ. ಮಗಳು ಹಾಸ್ಟೆಲ್‌ದಾಗ ಇದ್ದಾಗಿನ ಸಣ್ಣ ಗ್ಯಾಸ್ ಒಲಿ ಮಾಳಿಗಿ ಮ್ಯಾಲಿತ್ತು. ಐತವಾರ ಅದನ್ನ ಪಡಸಾಲ್ಯಾಗ ಇಡತೀನಿ. ರೊಟ್ಟಿ ನಾ ಬಡೀತೀನಿ, ಹಂಚಿನ ಮ್ಯಾಲೆ ತಿರುವಿ ಬೇಸೂದು ಇವರು. ಮೊದಲನೇ ಐತವಾರ ನಾಕು ರೊಟ್ಟಿ ಹೊತ್ತಿದ್ವು. ನನ್ನ ಕೈ ಎರಡು ಸಲ ಹಂಚಿನ ಕಡೆ ಹೋತು, ನಾನಽ ಸೆರಗಿನಾಗ ಸುತ್ತಿ ಇಟ್ಕೊಂಡೆ. ಈಗ ಐದು ಐತವಾರ ಆತು. ಇನ್ನೂ ಒಂದೊಂದು ಹೊತ್ತತಾವು. ಹೊತ್ತಿದ್ದು ಇವರಽ ತಿಂತಾರ.

ಅದಕ್ಕ ವೈನಿ, ಮುಂದಿನ ಸಲ ಕೂಡಿದಾಗ ಎಷ್ಟು ರೊಕ್ಕಾ ಕೊಟ್ಟಿ, ಅಲ್ಲೂ ನೀನಽ ಸುಟ್ಯಾ ಅಂತ ಕೇಳಬ್ಯಾಡ್ರಿ. ನಿನ್ನೆ ರಾತ್ರಿ ನಿಮ್ಮ ಮನ್ಯಾಗ ಕಡೀ ರೊಟ್ಟಿ ಯಾರು ತಿಂದ್ರು, ಅದು ಬಿಸಿ ಇತ್ತೋ ತಣ್ಣಗಿತ್ತೋ, ಅದನ್ನ ಹೇಳ್ರಿ. ನಿಮ್ಮ ಮನ್ಯಾಗೂ ಎಲ್ಲೋ ಒಂದು ಸಣ್ಣ ಒಲಿ ಬಿದ್ದಿರ್ತೈತಿ, ಹುಡುಕಿ ಕೆಳಗ ಇಳಸ್ರಿ. ಆಮ್ಯಾಲೆ ಕೈ ಸೆರಗಿನಾಗ ಇಟ್ಕೊಂಡು ಕೂಡ್ರಿ. ಅದಽ ಕಠಿಣ, ಮೊದಲಽ ಹೇಳಿರ್ತೀನಿ.